ಐವತ್ತಾರನೆಯ ಕಾಯಿ

ಕಳೆದ ಬುಧವಾರ ಬೆಳಿಗ್ಗೆ ನಮ್ಮ ವಾಷಿಂಗ್ ಮೆಷಿನ್ ಕಟಕಟ ಎಂದು ಹಲ್ಲು ಕಡಿಯತೊಡಗಿತು. ನಿಲ್ಲಿಸಿ, ಬಾಗಿಲಿನ ರಬ್ಬರಿನ ಸಂದಿಗೆ ಬೆರಳು ತೂರಿಸಿ ತಡಕಾಡಿದಾಗ ಸಿಕ್ಕಿದ್ದು ಒಂದು ಮಂಜೊಟ್ಟಿ ಕಾಯಿ. ಕೆಂಪಗೆ, ನುಣ್ಣಗೆ ಇರುವ ಬೀಜ. ನಮ್ಮ ಮನೆಯಲ್ಲಿ ಚೆನ್ನೆಮಣೆ ಆಡಲಿಕ್ಕೆ ಇಟ್ಟುಕೊಂಡದ್ದು. ಸೋಪಿನ ನೀರಿನಲ್ಲಿ ಮುಳುಗೆದ್ದು ಇನ್ನಷ್ಟು ಮಿರುಗುತ್ತಿತ್ತು. ಕಳೆದುಹೋದ ಚಿನ್ನದ ಉಂಗುರ ಸಿಕ್ಕಿದ್ದರೂ ನನಗೆ ಅಷ್ಟು ಸಂತೋಷ ಆಗುತ್ತಿರಲಿಲ್ಲ. ಸಿಕ್ಕಿತು, ಸಿಕ್ಕಿತು ಎಂದು ಒದ್ದೆ ಕೈಯಲ್ಲೇ ಅಡುಗೆಮನೆಗೆ ಓಡಿದೆ. ನನ್ನ ಹೆಂಡತಿ ಶೈಲಜಾ ಕಾವಲಿಯಿಂದ ದೋಸೆ ಎಬ್ಬಿಸುತ್ತಿದ್ದವಳು ತಿರುಗಿಯೂ ನೋಡದೆ, ಮೊದಲು ತೊಕ್ಕೊಟ್ಟಿಗೆ ಫೋನ್ ಮಾಡಿ, ಆಮೇಲೆ ಕುಣಿಯಿರಿ ಎಂದಳು.

ತೊಕ್ಕೊಟ್ಟಿನಲ್ಲಿ ನನ್ನ ಅಕ್ಕ ಇದ್ದಾಳೆ. ಆ ಒಂದು ಕಾಯಿಗಾಗಿ ಅವಳು ಮೂರು ದಿನಗಳಿಂದ ಕಾಯುತ್ತಿದ್ದಳು. ನಾನೇ ಅದನ್ನು ಬೇಕೆಂದು ಅಡಗಿಸಿಟ್ಟಿದ್ದೇನೆ ಎಂದು ಅವಳಿಗೆ ಸಂಶಯ. ಆ ಸಂಶಯಕ್ಕೆ ಆಧಾರ ಇಲ್ಲದೆಯೂ ಇಲ್ಲ. ಅದು ನಿಮಗೆ ಅರ್ಥವಾಗಬೇಕಾದರೆ ನಾನು ಪೋಕರ್ ಆಡುವ ಚಂದವನ್ನು ಸ್ವಲ್ಪ ಹೇಳಬೇಕು.

ನಾನು ಪಿಯು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕ. ಸಂಭವನೀಯತೆಯ ಪಾಠವನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿದ್ದೇನೆ. ಇಸ್ಪೀಟು ಕಟ್ಟಿನಿಂದ ಎರಡು ಎಲೆ ಎಳೆದರೆ ಎರಡೂ ಎಕ್ಕವೇ ಆಗುವ ಸಂಭವ ಎಷ್ಟೆಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಇದರಿಂದ ಆಟದಲ್ಲಿ ನನಗಾದ ಪ್ರಯೋಜನ ಮಾತ್ರ ದೊಡ್ಡ ಸೊನ್ನೆ. ಅದೇ ಮೇಜಿನಲ್ಲಿ ಕೂರುವ ಶೈಲಜಾಳಿಗೆ ಸಂಭವನೀಯತೆ ಎಂಬ ಶಬ್ದವನ್ನು ಒಂದೇ ಉಸಿರಿನಲ್ಲಿ ಹೇಳಲಿಕ್ಕೂ ಬರುವುದಿಲ್ಲ, ಆದರೂ ಪ್ರತಿ ಭಾನುವಾರ ಅವಳು ನನಗಿಂತ ಹೆಚ್ಚು ಗೆಲ್ಲುತ್ತಾಳೆ.

ಆಟ ತಂದವರು ಭಾವ, ಅಂದರೆ ಅಕ್ಕನ ಗಂಡ. ಕುವೈತಿನ ಒಂದು ಕಂಪೆನಿಯ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಕಳೆದ ವರ್ಷ ಪೂರ್ತಿ ಗಂಟುಮೂಟೆ ಕಟ್ಟಿಕೊಂಡು ಬಂದರು. ಅಲ್ಲಿ ಅವರ ರೂಮಿನಲ್ಲಿದ್ದ ಫಿಲಿಪೈನ್ಸಿನ ಇಬ್ಬರು ಶುಕ್ರವಾರದ ರಜೆಯಲ್ಲಿ ಅವರಿಗೆ ಪೋಕರ್ ಕಲಿಸಿದ್ದರಂತೆ. ಊರಿಗೆ ಬಂದ ಮೇಲೆ ಭಾವನಿಗೆ ರಜೆ ಎಂದರೆ ಏನು ಮಾಡಬೇಕೆಂದು ತಿಳಿಯದೆ, ಭಾನುವಾರ ಊಟವಾದದ್ದೇ ಇಸ್ಪೀಟು ಕಟ್ಟನ್ನು ಜೇಬಿಗೆ ಹಾಕಿಕೊಂಡು ಸೇತುವೆ ದಾಟಿ ಮಣ್ಣಗುಡ್ಡದ ನಮ್ಮ ಫ್ಲಾಟಿಗೆ ಬರತೊಡಗಿದರು. ಬರುವುದು ಒಬ್ಬರೇ. ಅಕ್ಕ ಬರುತ್ತಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪೋಕರ್ ಗೊತ್ತಿಲ್ಲದವರು ಹೆದರಬೇಕಾಗಿಲ್ಲ. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಅವನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತ ಹೋಗುವುದು. ಎಲ್ಲ ಸೇರಿಸಿ ಯಾರ ಜೋಡಣೆ ದೊಡ್ಡದೋ ಅವರು ಗೆದ್ದರು. ನಡುನಡುವೆ ಪಣ ಏರಿಸಬಹುದು. ಏರಿಸಿದವನ ಎಲೆ ನೋಡಬೇಕೆಂದರೆ ನೀವೂ ಅಷ್ಟೇ ಇಡಬೇಕು. ಬೇಡವೆಂದು ಕಂಡರೆ 'ಪ್ಯಾಕ್' ಎಂದು ಎಲೆ ಮಗುಚಿಟ್ಟು ಕೂರಬಹುದು. ಆಗ ಅಲ್ಲಿವರೆಗೆ ಇಟ್ಟದ್ದು ಹೋಯಿತು, ಉಳಿದದ್ದು ಉಳಿಯಿತು. ಪ್ಯಾಕ್ ಮಾಡಿದವನು ತನ್ನ ಎಲೆಗಳನ್ನು ಯಾರಿಗೂ ತೋರಿಸಬೇಕಾಗಿಲ್ಲ. ಭಾವನ ಪ್ರಕಾರ ಹತ್ತು ಆಟದಲ್ಲಿ ಏಳು ಸಲ ಪ್ಯಾಕ್ ಮಾಡುವವನೇ ಗಟ್ಟಿ ಆಟಗಾರ. ನಾನು ಹತ್ತಕ್ಕೆ ಹತ್ತೂ ಆಡುವ ಗಿರಾಕಿ.

ಏನು ಮಾಡಲಿ ಹೇಳಿ. ಎದುರಿನವರ ಕೈಯಲ್ಲಿ ಏನುಂಟು ಎಂದು ತಿಳಿಯದೆ ಆಟ ಬಿಟ್ಟರೆ ನನಗೆ ಆ ದಿನ ಊಟ ಸೇರುವುದಿಲ್ಲ. ಸೋಲುತ್ತೇನೆ ಎಂದು ಲೆಕ್ಕ ಹೇಳುತ್ತಿರುತ್ತದೆ, ಬಾಯಿ ಮಾತ್ರ 'ನೋಡುವ' ಎಂದುಬಿಡುತ್ತದೆ. ನೋಡಿ ಸೋತ ಮೇಲೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಮುಂದಿನ ಆಟಕ್ಕೆ ಎಲೆಯನ್ನೇ ಸರಿಯಾಗಿ ನೋಡದೆ ಇಮ್ಮಡಿ ಇಡುತ್ತೇನೆ. ಅಪ್ಪಿತಪ್ಪಿ ಗೆದ್ದರೆ ಇನ್ನೂ ಕೇಡು, ಯಾರೂ ಕೇಳದಿದ್ದರೂ ಎಲೆಗಳನ್ನು ಹರಡಿ ತೋರಿಸಿ, ಹೇಗೆ ಗೆದ್ದೆ ಎಂದು ಪಾಠ ಶುರುಮಾಡುತ್ತೇನೆ. ಒಮ್ಮೆ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು, "ನಿನಗೆ ಎಲೆ ಕೈಕೊಡುವುದಲ್ಲ ಮಾರಾಯ. ನೀನೇ ನಿನಗೆ ಕೈಕೊಡುವುದು."

ಈ ಚಟ ಇಸ್ಪೀಟಿಗೆ ಮಾತ್ರ ಸೀಮಿತವೂ ಅಲ್ಲ. ಪಂಪ್‌ವೆಲ್‌ನಲ್ಲಿ ಒಂದು ಸಂಜೆ ನಾನು ಕೂತ ಬಸ್ಸು ಐದು ನಿಮಿಷ ಅಲ್ಲಾಡಲಿಲ್ಲ. ಪಕ್ಕದ ಸಾಲಿನ ಬಸ್ಸು ಮೂಗಿನ ಮುಂದೆಯೇ ಚೂರು ಮುಂದೆ ಹೋಯಿತು. ಇಳಿದು ಓಡಿ ಅದನ್ನು ಹತ್ತಿದೆ. ಹತ್ತಿದ ಕೂಡಲೇ ಅದು ನಿಂತಿತು, ಮೊದಲಿನದರ ಕಂಡಕ್ಟರ್ "ರೈಟ್ ಪೋಯಿ" ಎಂದು ಸೀಟಿ ಊದಿಕೊಂಡು ಹೋದ. ಸರಿ, ಅಲ್ಲಿಗೆ ಬಿಡಬೇಕು ತಾನೆ? ಇಳಿದು ಮೂರನೆಯದನ್ನು ಹತ್ತಿದೆ. ಮನೆ ಮುಟ್ಟಿದಾಗ, ಮೊದಲ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕೆಳಗಿನ ಫ್ಲಾಟಿನವರು ಸ್ನಾನ ಮುಗಿಸಿ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ಎಂತ ಸಾರ್, ಎಲ್ಲಿ ಇಳಿದುಹೋದಿರಿ ಎಂದು ಕೇಳಿದರು. ಒಂದು ಸಣ್ಣ ಕೆಲಸ ಇತ್ತು ಎಂದೆ.

ಹುಟ್ಟುಗುಣವೇ ಇರಬೇಕು. ನಾವು ಸಣ್ಣವರಿರುವಾಗ ಅಮ್ಮ ಮಳೆಗಾಲಕ್ಕೆಂದು ಸಾಂತಾಣಿ ಮಾಡಿಡುತ್ತಿದ್ದರು, ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿದ್ದು. ಕಲ್ಲಿನಷ್ಟು ಗಟ್ಟಿ, ಬಾಯಿಯಲ್ಲಿಟ್ಟು ನೆನೆಸಿ ನೆನೆಸಿ ತಿನ್ನಬೇಕು. ಅಕ್ಕನಿಗೆ ಒಂದು ಡಬ್ಬಿ, ನನಗೊಂದು ಡಬ್ಬಿ. ನನ್ನದು ಎರಡು ದಿನದಲ್ಲಿ ಖಾಲಿ, ಜೊತೆಗೆ ದವಡೆ ನೋವು. ಅಕ್ಕನದು ಜಡಿಮಳೆಯ ಆಟಿ ತಿಂಗಳು ಕಳೆಯುವವರೆಗೂ ಇರುತ್ತಿತ್ತು. ಅವಳು ದಿನಕ್ಕೆ ನಾಲ್ಕು ಎಣಿಸಿ ತೆಗೆಯುವುದು, ಅದರಲ್ಲಿ ಒಂದನ್ನು ನನ್ನ ಮುಖ ನೋಡಲಾಗದೆ ನನಗೆ ಎಸೆಯುವುದು. ಆ ಒಂದನ್ನು ಹಿಡಿಯಲು ನಾನು ಚಾವಡಿಯಲ್ಲಿ ಮೊದಲೇ ಬಾಯಿ ತೆರೆದು ನಿಂತಿರುತ್ತಿದ್ದೆ.

ಅದೇ ಆಟಿಯಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ನೋಡದವರಿಗೆ ಹೇಳುತ್ತೇನೆ: ಹಲಸಿನ ಮರದ ಉದ್ದ ಮಣೆ, ಈಚೆಗೆ ಏಳು ಗುಳಿ, ಆಚೆಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಒಂದು ಗುಳಿಯದ್ದನ್ನು ತೆಗೆದು ಒಂದೊಂದಾಗಿ ಹಂಚುತ್ತ ಹೋಗಿ ಎದುರಿನವರ ಕಾಯಿ ಗೆಲ್ಲುವ ಆಟ. ಇದಕ್ಕೊಂದು ಕಟ್ಟಳೆ ಉಂಟು. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದು. ಆಡಿದರೆ ಮನಸ್ಸು ಒಡೆಯುತ್ತದೆ. ಅಮ್ಮ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಾಗಾಗಿ ಅಮ್ಮ ಒಂದು ಆಟ ಅಕ್ಕನ ಜೊತೆ, ಒಂದು ಆಟ ನನ್ನ ಜೊತೆ ಆಡಬೇಕಿತ್ತು. ಇನ್ನೊಬ್ಬರು ಬಾಯಿಮುಚ್ಚಿ ನೋಡಬೇಕು. ಅಕ್ಕ ನೋಡುತ್ತಿದ್ದಳು. ನಾನು ಮಾತ್ರ ಆ ಗುಳಿ ತೆಗೆ, ಈ ಗುಳಿ ತೆಗೆ ಎಂದು ಕಿರುಚಿ, ಆಚೆ ಹೋಗಿ ಕೂತುಕೋ ಎಂದು ಅಮ್ಮನಿಂದ ಹೇಳಿಸಿಕೊಳ್ಳುತ್ತಿದ್ದೆ.

ಇನ್ನು ಅಕ್ಕ ಯಾಕೆ ಬರುತ್ತಿರಲಿಲ್ಲ ಎಂಬ ವಿಷಯ. ಅಮ್ಮ ಕೊನೆಯವರೆಗೂ ಮಣ್ಣಗುಡ್ಡದಲ್ಲಿ ನಮ್ಮ ಜೊತೆಯೇ ಇದ್ದರು. ಅವರು ತೀರಿಕೊಂಡು ತಿಂಗಳಾದ ಮೇಲೆ, ಅವರ ಸೀರೆ, ಪಾತ್ರೆಪಗಡಿ ಹಂಚಿಕೊಳ್ಳಲಿಕ್ಕೆ ಅಕ್ಕ ಬಂದಿದ್ದಳು. ಸೀರೆಯಲ್ಲಿ ಜಗಳ ಇಲ್ಲ, ಪಾತ್ರೆಯಲ್ಲಿ ಇಲ್ಲ. ಚೆನ್ನೆಮಣೆಯನ್ನು ತಾನು ಒಯ್ಯುವುದಾಗಿ ಅಕ್ಕ ಹೇಳಿದಳು, ನಾನು ಹೂಂ ಎಂದೆ. ಮಣೆಯ ಧೂಳು ಒರೆಸುತ್ತ ಅವಳು, ಪಾಪ, ಅಮ್ಮನಿಗೆ ಕೊನೆಕೊನೆಗೆ ಇದನ್ನು ಆಡ್ಲಿಕ್ಕೆ ಜೊತೆಗೆ ಒಬ್ಬರು ಇರಲಿಲ್ಲ ಎಂದಳು. ಹೇಳಿದ್ದು ಸುಳ್ಳಲ್ಲ. ಆ ವರ್ಷ ಅಮ್ಮ ಎರಡು ಸಲ ಕರೆದಾಗಲೂ ನನ್ನ ಮಡಿಲಲ್ಲಿ ಉತ್ತರಪತ್ರಿಕೆಗಳ ಕಟ್ಟು ಇತ್ತು. ಅದು ನನಗೇ ಚುಚ್ಚುತ್ತಿತ್ತಲ್ಲ, ಅದಕ್ಕೇ ಇರಬೇಕು, ನನ್ನ ಬಾಯಿಗೆ ಒಂದು ಉತ್ತರ ಬಂತು. ಒಳ್ಳೆಯ ಉತ್ತರ, ತಿರುಗಿ ಏನೂ ಹೇಳಲಾಗದಂಥದ್ದು.

"ನೀನು ಬರಬಹುದಿತ್ತಲ್ಲ ಅಕ್ಕ. ಅಡ್ಡ ಇದ್ದದ್ದು ಒಂದು ಸೇತುವೆ ಅಲ್ವಾ?"

ಅಕ್ಕ ಒರೆಸುವುದನ್ನು ನಿಲ್ಲಿಸಿದಳು. ಮಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಆಮೇಲೆ ನೋಡಿದರೆ ಕಾಯಿಗಳ ಬಟ್ಟೆಚೀಲ ಮಾತ್ರ ನಮ್ಮ ಕಪಾಟಿನಲ್ಲೇ ಉಳಿದಿತ್ತು. ಎರಡು ವಾರ ಬಿಟ್ಟು ಕುವೈತಿನಿಂದ ಭಾವ ಫೋನ್ ಮಾಡಿ ಕಾಯಿ ಅಲ್ಲುಂಟಾ ಎಂದು ಕೇಳಿದರು. ಹುಡುಕುತ್ತಿದ್ದೇನೆ ಎಂದೆ. ಹುಡುಕುವುದೇನು ಬಂತು, ಚೀಲ ನನ್ನ ಕಣ್ಣೆದುರಿಗೇ ಇತ್ತು. ಅವಳೇ ಬಾಯಿಬಿಟ್ಟು ಕೇಳಲಿ ಎಂಬ ಹಟ. ಹೀಗೆ ಮಣೆ ನೇತ್ರಾವತಿಯ ಆಚೆ, ಕಾಯಿ ಈಚೆ. ಎರಡರಿಂದಲೂ ಯಾರಿಗೂ ಉಪಯೋಗವಿಲ್ಲ. ಒಂದೂವರೆ ವರ್ಷ ಅಕ್ಕ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ಆ ಮಾತಿನಲ್ಲಿ ಗೆದ್ದದ್ದು ನಾನೇ, ಅದರಲ್ಲಿ ಸಂಶಯವಿಲ್ಲ.

ಭಾವ ಪೋಕರ್ ತಂದಾಗ ಹಣ ಇಡುವುದು ಬೇಡ ಎಂದು ಎಲ್ಲರೂ ಒಪ್ಪಿದೆವು. ಬೆಂಕಿಕಡ್ಡಿ ಇಟ್ಟು ಆಡಿದೆವು, ಅವು ಮುರಿದುಹೋದವು. ಒಂದು ಭಾನುವಾರ ಶೈಲಜಾ ಸೀದಾ ಕಪಾಟಿಗೆ ಹೋಗಿ ಆ ಬಟ್ಟೆಚೀಲ ತಂದು ಮೇಜಿನ ಮೇಲೆ ಸುರಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಭಾವ ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದು, ಹುಡುಕ್ತಾ ಇದ್ದಿ ಅಲ್ವಾ, ಸಿಕ್ಕಿತು ನೋಡು ಎಂದರು. ಅಷ್ಟೇ. ಆಮೇಲೆ ಎಲೆ ಹಂಚಿದರು.

ಮುಂದಿನ ಭಾನುವಾರ ಬಾಗಿಲು ತೆರೆದರೆ ಭಾವನ ಹಿಂದೆ ಅಕ್ಕ. ನನ್ನ ಕಡೆ ನೋಡದೆ ಶೈಲಜಾಳಿಗೆ ಹೇಳಿದಳು, "ಅಮ್ಮನ ಕಾಯಿಯಲ್ಲಿ ಇಲ್ಲಿ ಜೂಜು ನಡೀತದಂತೆ. ಅದೆಂತ ಅಂತ ನೋಡುವ ಅಂತ ಬಂದೆ." ನಾವು ಮನೆಯಲ್ಲಿ ಮಾತಾಡುವುದು ತುಳು, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಮಾತು ಇನ್ನೂ ಖಾರವಾಗಿತ್ತು. ಭಾವ ಕುರ್ಚಿ ಎಳೆದು, ಹಣ ಇಲ್ಲ, ಹಾಗಾಗಿ ಜೂಜಲ್ಲ, ಅಮ್ಮ ಬೇಡ ಎಂದದ್ದು ಚೆನ್ನೆ, ಇದು ಪೋಕರ್, ಒಡಹುಟ್ಟಿದವರು ಧಾರಾಳ ಆಡಬಹುದು ಎಂದು ವಕೀಲರಂತೆ ವಾದಿಸಿದರು. ಅಕ್ಕ ಕೂತಳು. ನಾಲ್ವರಿಗೆ ಹದಿನಾಲ್ಕು ಹದಿನಾಲ್ಕು ಕಾಯಿ, ಲೆಕ್ಕ ಸರಿಯಾಯಿತು.

ಅಂದಿನಿಂದ ಅವಳು ಪ್ರತಿ ಭಾನುವಾರ ಬಂದಳು. ನನ್ನ ಜೊತೆ ಮಾತು ಮಾತ್ರ ಎರಡೇ, 'ಪ್ಯಾಕ್' ಮತ್ತು 'ನೋಡ್ತೇನೆ'. ನಾಲ್ಕು ತಿಂಗಳು ನಾವಿಬ್ಬರೂ ಅಷ್ಟರಲ್ಲೇ ಸಂಸಾರ ಮಾಡಿದೆವು. ಆಟ ಮುಗಿದಾಗ ಕಾಯಿಗಳು ಚೀಲಕ್ಕೆ, ಚೀಲ ಕಪಾಟಿಗೆ. ಕಪಾಟಿನ ಬಾಗಿಲು ಮುಚ್ಚುವವರೆಗೂ ಅಕ್ಕ ನೋಡುತ್ತಿದ್ದಳು. ಕೊಡು ಎಂದು ಅವಳು ಕೇಳಲಿಲ್ಲ. ತಗೋ ಎಂದು ನಾನೂ ಹೇಳಲಿಲ್ಲ. ಹೇಳಬೇಕೆಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದೆ ಎಂಬುದು ನಿಜ, ಆದರೆ ಅಂದುಕೊಳ್ಳುವುದು ಯಾರಿಗೂ ಕೇಳಿಸುವುದಿಲ್ಲವಲ್ಲ.

ಆಟದಲ್ಲಿ ನನ್ನ ಗತಿ ಮೊದಲಿನಂತೆಯೇ. ನನ್ನನ್ನು ನಾನು ಹಿಡಿತದಲ್ಲಿಡಲು ಮಾಡದ ಉಪಾಯವಿಲ್ಲ. ಬಾಯಿಯಲ್ಲಿ ಲವಂಗ ಇಟ್ಟುಕೊಂಡೆ. ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿ ಕೂತೆ. ಪೂರ್ತಿ ಸೋತು ಮಾನ ಹೋಗಬಾರದೆಂದು, ಹಂಚಿದ ಕೂಡಲೇ ಒಂದು ಕಾಯಿಯನ್ನು ಗುಟ್ಟಾಗಿ ಅಂಗಿಯ ಜೇಬಿಗೆ ಇಳಿಸುವ ಅಭ್ಯಾಸವನ್ನೂ ಮಾಡಿಕೊಂಡೆ. ಒಂದು ವಿಚಿತ್ರ ಮಾತ್ರ ನನಗೆ ಬಿಡಿಸಲಾಗುತ್ತಿರಲಿಲ್ಲ. ನಾನು ಸುಳ್ಳುಸುಳ್ಳೇ ಪಣ ಏರಿಸಿದಾಗ ಮೂವರೂ 'ನೋಡ್ತೇನೆ' ಎನ್ನುತ್ತಿದ್ದರು. ನಿಜವಾಗಿ ಒಳ್ಳೆಯ ಎಲೆ ಬಂದಾಗ ಮೂವರೂ ಪ್ಯಾಕ್. ಒಂದು ಸಲ ಮೂರು ರಾಜ ಬಂದಿತ್ತು. ಮುಖ ಬಿಗಿಹಿಡಿದು, ಸಂಶಯ ಬಾರದಿರಲಿ ಎಂದು ಗೋಳಿಬಜೆಯ ಪ್ಲೇಟನ್ನು ಭಾವನ ಕಡೆ ಸರಿಸಿ ಉಪಚಾರದ ಎರಡು ಮಾತಾಡಿ, ನಿಧಾನಕ್ಕೆ ಐದು ಕಾಯಿ ಮುಂದಿಟ್ಟೆ. ಭಾವ ಒಂದು ಗೋಳಿಬಜೆ ತೆಗೆದುಕೊಂಡು, ಪ್ಯಾಕ್ ಎಂದರು. ಉಳಿದ ಇಬ್ಬರೂ ಹಾಗೆಯೇ. ನನ್ನ ಗ್ರಹಚಾರ ಎಂದುಕೊಂಡೆ.

ಈಗ ಹೇಳುವುದು ಹೋದ ಭಾನುವಾರದ ಹಿಂದಿನ ಭಾನುವಾರದ ಆಟ. ಮರುದಿನ ಆಟಿ ತಿಂಗಳು ಶುರು. ಅಂದು ನನಗೆ ಅದೃಷ್ಟ ಖುಲಾಯಿಸಿತ್ತು. ನಾಲ್ಕು ಗಂಟೆಗೆ ಶೈಲಜಾ ಸೋತು ಎದ್ದು ಗೋಳಿಬಜೆ ಕರಿಯಲು ಹೋದಳು. ಅವಳು ಬಿಸಿ ಬಿಸಿ ಪ್ಲೇಟು ತಂದಿಡುವಾಗ ಭಾವನದ್ದೂ ಖಾಲಿ. ನನ್ನ ಮುಂದೆ ಕಾಯಿಗಳ ರಾಶಿ, ಅಕ್ಕನ ಮುಂದೆ ಹತ್ತೋ ಹನ್ನೊಂದೋ. ಭಾವ ಎಲೆ ಹಂಚಿದರು. ಎತ್ತಿ ನೋಡಿದೆ: ಎಕ್ಕ, ಎಕ್ಕ.

ನಡುವೆ ಬಂದ ಎಲೆಗಳನ್ನು ಹೇಳಿಬಿಡುತ್ತೇನೆ, ನನಗೆ ಅವು ಜನ್ಮದಲ್ಲಿ ಮರೆಯುವುದಿಲ್ಲ. ಎಕ್ಕ, ಒಂಬತ್ತು, ನಾಲ್ಕು, ಆಮೇಲೆ ರಾಣಿ, ಕೊನೆಗೆ ಇನ್ನೊಂದು ಒಂಬತ್ತು. ನನ್ನ ಕೈ ಸೇರಿ ಮೂರು ಎಕ್ಕ, ಎರಡು ಒಂಬತ್ತು. ಇದನ್ನು ಸೋಲಿಸಬೇಕಾದರೆ ಅಕ್ಕನ ಕೈಯಲ್ಲಿ ಉಳಿದೆರಡು ಒಂಬತ್ತೇ ಇರಬೇಕು. ಅವಳ ಕೈಯಲ್ಲಿ ಇರಬಹುದಾದ ಜೋಡಿಗಳು ಒಂಬೈನೂರ ತೊಂಬತ್ತು, ಅದರಲ್ಲಿ ನನ್ನನ್ನು ಸೋಲಿಸುವಂಥದ್ದು ಒಂದು. ಇಪ್ಪತ್ತೆರಡು ವರ್ಷದ ಪಾಠ ಅವತ್ತು ಮೊದಲ ಸಲ ಉಪಯೋಗಕ್ಕೆ ಬಂತು. ಏಳೆಂಟು ಕಾಯಿ ಮಾತ್ರ ಉಳಿಸಿಕೊಂಡು ರಾಶಿಯನ್ನೆಲ್ಲ ನಡುವೆ ತಳ್ಳಿದೆ.

ಭಾವ ಅಕ್ಕನಿಗೆ, ನಿನ್ನಲ್ಲಿ ಇದ್ದಷ್ಟಕ್ಕೆ ಮಾತ್ರ ನೀನು ಆಡಿದರೆ ಸಾಕು ಎಂದು ನಿಯಮ ವಿವರಿಸಿದರು. ಅಕ್ಕ ತಲೆಯಾಡಿಸಿದಳು. ತನ್ನ ಕಾಯಿಗಳನ್ನೆಲ್ಲ ಎರಡೂ ಕೈಯಿಂದ ನಡುವಿನ ರಾಶಿಗೆ ಸೇರಿಸಿ, ನಾಲ್ಕು ತಿಂಗಳಲ್ಲಿ ಮೊದಲ ಬಾರಿ ನನ್ನ ಮುಖ ನೋಡಿದಳು.

"ನಾನು ಮಣೆಯನ್ನೂ ಇಡ್ತೇನೆ. ಉಳಿದದ್ದನ್ನು ನೀನೂ ಇಡು. ಗೆದ್ದವರು ಎರಡನ್ನೂ ಕೊಂಡುಹೋಗ್ಲಿ. ಹೋದ ಆಟಿಯಲ್ಲಿ ಹುಣಸೆ ಬೀಜ ಹಾಕಿ ನೋಡಿದೆ, ಆಗ್ಲಿಲ್ಲ ನನಗೆ. ಖಾಲಿ ಮಣೆ ಇಟ್ಕೊಂಡು ಇನ್ನೊಂದು ಆಟಿ ಕಳೀಲಿಕ್ಕೆ ನನ್ನಿಂದ ಆಗುದಿಲ್ಲ."

ಅವಳ ಕೈಯಲ್ಲಿ ಏನೂ ಇರಲಿಲ್ಲ. ಅದು ನನಗೆ ಲೆಕ್ಕದಿಂದಲ್ಲ, ಅವಳನ್ನು ನೋಡಿಯೇ ಗೊತ್ತಾಯಿತು. ದಿನಕ್ಕೆ ನಾಲ್ಕು ಸಾಂತಾಣಿ ಎಣಿಸಿ ತಿನ್ನುತ್ತಿದ್ದ ನನ್ನ ಅಕ್ಕ ಎಲ್ಲವನ್ನೂ ಒಂದೇ ಸಲ ಮೇಜಿಗೆ ಹಾಕಿದ್ದಾಳೆ ಎಂದರೆ ಗೆಲ್ಲುವ ಆಸೆಯಿಂದಲ್ಲ; ಸೋತರೂ ಸರಿ, ಇದು ಮುಗಿಯಲಿ ಎಂದು. ನನ್ನ ನಾಲಿಗೆಯ ತುದಿಯಲ್ಲಿ 'ನೋಡುವ' ಎಂಬುದು ಸಿದ್ಧವಾಗಿ ನಿಂತಿತ್ತು. ಅದೇ ಹೊತ್ತಿಗೆ ಆ ಸೇತುವೆಯ ಮಾತೂ ನೆನಪಾಯಿತು. ಅಂದೂ ನನ್ನ ಕೈಯಲ್ಲಿ ಎಕ್ಕಗಳೇ ಇದ್ದವು. ಹರಡಿ ತೋರಿಸಿದೆ, ಗೆದ್ದೆ, ಅಕ್ಕ ಎದ್ದು ಹೋದಳು. ಈಗ ಮಣೆಯೂ ಗೆದ್ದರೆ ಅವಳಿಗೆ ಇನ್ನು ಭಾನುವಾರ ಇಲ್ಲಿಗೆ ಬರಲು ಏನು ಉಳಿಯುತ್ತದೆ? ನನಗೆ ಹೆದರಿಕೆಯಾಯಿತು. ಲವಂಗ ಕಚ್ಚಿದೆ. ಕೈಗಳು ತೊಡೆಯ ಅಡಿಯಲ್ಲಿ ನಿಲ್ಲಲಿಲ್ಲ, ಪ್ಲೇಟಿಗೆ ಹೋದವು.

"ಗೋಳಿಬಜೆ ತಣೀತದೆ, ತೆಗೊ ಅಕ್ಕ," ಎಂದೆ. "ನಾನು ಪ್ಯಾಕ್."

ಎಲೆಗಳನ್ನು ಮಗುಚಿ ಕಟ್ಟಿನ ನಡುವೆ ತೂರಿಸಿದೆ. ಪ್ಯಾಕ್ ಎನ್ನುವುದೇನೂ ಕಷ್ಟವಾಗಲಿಲ್ಲ, ನಿಜ ಹೇಳುತ್ತೇನೆ. ಕಷ್ಟವಾದದ್ದು ಅದರ ನಂತರದ ಅರ್ಧ ನಿಮಿಷ. ನೋಡಿ, ಎಂಥ ಎಲೆ ಬಿಟ್ಟುಕೊಟ್ಟೆ ಎಂದು ಒಮ್ಮೆ, ಒಂದೇ ಒಂದು ಸಲ ತೋರಿಸಿಬಿಡಲೇ ಎಂದು ಬೆರಳುಗಳು ಚಡಪಡಿಸಿದವು. ಕಟ್ಟನ್ನೇ ಎತ್ತಿ ಹುಚ್ಚನಂತೆ ಕಲಸಿದೆ. ಭಾವ 'ಆಯ್ತು ಮಾರಾಯ, ಎಲೆ ಹರಿದುಹೋದೀತು' ಎಂದು ಕಿತ್ತುಕೊಂಡರು. ಉಳಿದ ಕಾಯಿಗಳನ್ನೂ ನಾನೇ ಚೀಲಕ್ಕೆ ಹಾಕಿ ಅಕ್ಕನ ಮುಂದಿಟ್ಟೆ. ಅವಳು ಒಂದು ಗೋಳಿಬಜೆ ತಿಂದಳು, ಚೀಲ ತೆಗೆದುಕೊಂಡಳು, ಹೋದಳು. ಥ್ಯಾಂಕ್ಸ್ ಇಲ್ಲ, ಬರ್ತೇನೆ ಎಂಬುದೂ ಇಲ್ಲ.

ಸೋಮವಾರ ಬೆಳಿಗ್ಗೆ ಭಾವನ ಫೋನ್. ಮಣೆಗೆ ತುಂಬಿಸಿ ನೋಡಿದರೆ ಐವತ್ತೈದೇ ಉಂಟಂತೆ. ಅಕ್ಕ ಕೇಳಲಿಕ್ಕೆ ಹೇಳಿದ್ದಾಳೆ, ಇನ್ನೊಂದನ್ನು ಎಲ್ಲಿ ಇಟ್ಟಿದ್ದಿ? ಮಾನ ಉಳಿಸಲು ಜೇಬಿಗೆ ಇಳಿಸಿದ್ದ ಆ ಒಂದು ಕಾಯಿ ನನಗೆ ನೆನಪೇ ಆಗಲಿಲ್ಲ. ಹುಡುಕುತ್ತಿದ್ದೇನೆ ಎಂದೆ. ಆಚೆ ಕಡೆ ಭಾವ ನಕ್ಕರು. ಈ ಸಲ ನಿಜವಾಗಿಯೂ ಹುಡುಕುತ್ತಿದ್ದೆ, ಸೋಫಾ ಎತ್ತಿ, ಮಂಚದ ಅಡಿಗೆ ಹೊಕ್ಕು. ನಂಬುವವರು ಮಾತ್ರ ಇರಲಿಲ್ಲ. ಬುಧವಾರ ವಾಷಿಂಗ್ ಮೆಷಿನ್ ನನ್ನ ಕೈಹಿಡಿಯಿತು. ತೊಕ್ಕೊಟ್ಟಿಗೆ ಫೋನ್ ಮಾಡಿ, ಸಿಕ್ಕಿದೆ, ನಾನೇ ತಂದುಕೊಡುತ್ತೇನೆ ಎಂದೆ. ಬೇಡ, ಭಾನುವಾರ ನಾನೇ ಬರ್ತೇನೆ ಎಂದು ಅಕ್ಕ ಫೋನಿಟ್ಟಳು.

ಅಂದು ಸಂಜೆ ನನ್ನಿಂದ ತಡೆಯಲಾಗಲಿಲ್ಲ. ಮೂರು ದಿನಗಳಲ್ಲಿ ಅಕ್ಕನಿಗೆ 'ಅಂದು ನನ್ನ ಕೈಯಲ್ಲಿ ಏನಿತ್ತು ಗೊತ್ತಾ' ಎಂದು ವಾಟ್ಸಾಪ್‌ನಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ್ದೆ. ಹೆಂಡತಿಯ ಹತ್ತಿರವಾದರೂ ಹೇಳಬಹುದು, ಅದು ಲೆಕ್ಕಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡು, ಮೂರು ಎಕ್ಕ ಇಟ್ಟುಕೊಂಡು ಪ್ಯಾಕ್ ಮಾಡಿದ್ದೇನೆ, ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಎಂದೆ. ಶೈಲಜಾ ಬಟ್ಟೆ ಮಡಿಚುವುದನ್ನು ನಿಲ್ಲಿಸಿ, ಪಾಪದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಎಲ್ಲರಿಗೂ ಗೊತ್ತುಂಟು. ನಿಮಗೆ ಒಳ್ಳೆ ಎಲೆ ಬಂದ್ರೆ ನೀವು ಪ್ಲೇಟನ್ನು ಬೇರೆಯವರ ಕಡೆ ತಳ್ತೀರಿ. ಸುಳ್ಳು ಆಟ ಆದ್ರೆ ನೀವೇ ತಿಂತೀರಿ. ಮೊದಲ ತಿಂಗಳೇ ಅಕ್ಕ ಕಂಡುಹಿಡಿದು ನಮಗೆ ಹೇಳಿದ್ದು."

ಮೂರು ರಾಜ, ಮೂವರ ಪ್ಯಾಕ್, ಎಲ್ಲವೂ ಕಣ್ಣಮುಂದೆ ಸಾಲಾಗಿ ಬಂದವು. ನಾಚಿಕೆ ಆಮೇಲಿನ ಮಾತು, ಮೊದಲು ಆದದ್ದು ಗಾಬರಿ. ಅಂದರೆ ಅಕ್ಕನಿಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಚೀಲ ತೆಗೆದುಕೊಂಡು ಹೋಗಿದ್ದಾಳೆ. ಭಾನುವಾರ ಬರುವುದು ಆ ಒಂದು ಕಾಯಿಗಾಗಿಯೋ, ನಿನ್ನ ಭಿಕ್ಷೆ ನನಗೆ ಬೇಡ ಎಂದು ಐವತ್ತೈದನ್ನೂ ಮುಖಕ್ಕೆ ಚೆಲ್ಲಲಿಕ್ಕೋ? ಅವಳಿಗೆ ಅದು ಅಸಾಧ್ಯವೇನಲ್ಲ. ಗುರುವಾರ, ಶುಕ್ರವಾರ, ಶನಿವಾರ ನಾನು ತರಗತಿಯಲ್ಲಿ ಕೂಡಿಸುವುದನ್ನೂ ತಪ್ಪಿದೆ.

ಭಾನುವಾರ ಮೂರು ಗಂಟೆಗೆ ಬೆಲ್ ಆಯಿತು. ಭಾವ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ನಿಂತಿದ್ದರು. ಹಿಂದೆ ಅಕ್ಕ, ಕಂಕುಳಲ್ಲಿ ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತಿದ ಉದ್ದನೆಯ ಗಂಟು. ಬಂದವಳೇ ನೆಲದ ಮೇಲೆ ಕೂತು ಬೈರಾಸು ಬಿಚ್ಚಿದಳು. ಅಮ್ಮನ ಚೆನ್ನೆಮಣೆ, ಎಣ್ಣೆ ಹಚ್ಚಿ ಒರೆಸಿ ಹೊಳೆಯುವ ಹಾಗೆ ಮಾಡಿದ್ದಾಳೆ. ಗುಳಿಗೆ ನಾಲ್ಕರಂತೆ ಕಾಯಿ ತುಂಬಿಸುತ್ತ ಹೋದಳು. ಕೊನೆಯ ಗುಳಿಯಲ್ಲಿ ಮೂರೇ ಬಿದ್ದವು. ತಲೆಯೆತ್ತದೆ ನನ್ನ ಕಡೆ ಕೈ ಚಾಚಿದಳು. ನಾನು ಐವತ್ತಾರನೆಯದನ್ನು ಆ ಕೈಯಲ್ಲಿಟ್ಟೆ.

ಶೈಲಜಾ, ಬಾ, ನಿನಗೆ ಕಲಿಸ್ತೇನೆ ಎಂದು ಅಕ್ಕ ನನ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡಳು. ಮಣೆ ಇನ್ನು ಮುಂದೆ ಎಲ್ಲಿರುವುದು ಎಂದು ಭಾವ ಕೇಳಿದ್ದಕ್ಕೆ, ಇಲ್ಲಿಯೇ ಇರ್ಲಿ, ಭಾನುವಾರ ಹೇಗೂ ಬರ್ಲಿಕ್ಕುಂಟಲ್ಲ ಎಂದಳು. ಒಡಹುಟ್ಟಿದವನಾದ್ದರಿಂದ ನನಗೆ ಆಟವಿಲ್ಲ, ಬಾಯಿಮುಚ್ಚಿ ನೋಡುವುದಷ್ಟೇ. ಶೈಲಜಾ ತಪ್ಪು ಗುಳಿಗೆ ಕೈ ಹಾಕಿದಾಗಲೆಲ್ಲ ಗಂಟಲವರೆಗೆ ಬಂದದ್ದನ್ನು ನುಂಗಿದೆ. ಸ್ವಲ್ಪ ಹೊತ್ತಾದ ಮೇಲೆ, ಹಂಚುವ ಕೈ ನಿಲ್ಲಿಸದೆಯೇ ಅಕ್ಕ ಕೇಳಿದಳು.

"ಅಲ್ಲ, ಅವತ್ತು ನಿನ್ನ ಕೈಯಲ್ಲಿ ಎಂತ ಇತ್ತು?"

ನಾಲ್ಕು ಸಲ ಬರೆದು ಅಳಿಸಿದ ವಾಕ್ಯ ಬಾಯೊಳಗೆ ಸಾಲುಗಟ್ಟಿ ನಿಂತಿತು. ಈಗ ಅವಳಾಗಿಯೇ ಕೇಳಿದ್ದಾಳೆ, ಹೇಳಿದರೆ ತಪ್ಪೂ ಇಲ್ಲ. ಶೈಲಜಾ ಆಟ ಬಿಟ್ಟು ನನ್ನನ್ನು ನೋಡಿದಳು.

"ಎಂತ ಇರ್ಲಿಲ್ಲ ಅಕ್ಕ," ಎಂದೆ.

ಹೇಳಿ ಕೆಳಗೆ ನೋಡುತ್ತೇನೆ, ನನ್ನ ಬಲಗೈ ಆಗಲೇ ಗೋಳಿಬಜೆಯ ಪ್ಲೇಟನ್ನು ಅವಳ ಮೊಣಕಾಲಿನವರೆಗೆ ತಳ್ಳಿಬಿಟ್ಟಿತ್ತು. ಅಕ್ಕ ಪ್ಲೇಟನ್ನು ನೋಡಿದಳು. ನಗಲಿಲ್ಲ. ಎರಡು ಗೋಳಿಬಜೆ ಎತ್ತಿ, ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ನನ್ನ ಕಡೆ ಎಸೆದಳು.